ಇಪ್ಪತ್ತು ದಾನಿಗಳ ಚೀಟಿ: ಲಿವರ್ ಕಸಿಯ ರಕ್ತದ ಲೆಕ್ಕ ಬರೆಯೋರು ಯಾರು?

ಕಳೆದ ಏಪ್ರಿಲ್‌ನ ಒಂದು ಶನಿವಾರ ರಾತ್ರಿ ಅಂಜನಾಪುರದ ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಆ ಗ್ರೂಪ್ ಬದುಕಿರೋದೇ ಕಾವೇರಿ ನೀರು ಯಾವತ್ತು ಬಿಡ್ತಾರೆ, ರಸ್ತೆ ಮತ್ತೆ ಯಾಕೆ ಅಗೆದಿದ್ದಾರೆ, ಕಸದ ಆಟೋ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆಗಳ ಮೇಲೆ. ಇದು ಬೇರೆ ಥರ ಇತ್ತು. 'ತಂದೆಗೆ ಲಿವರ್ ಕಸಿ. ಗುರುವಾರ ಆಪರೇಷನ್. 20 ಜನ ರಕ್ತದಾನಿಗಳು ಬೇಕು. ಯಾವ ಬ್ಲಡ್ ಗ್ರೂಪ್ ಆದರೂ ಪರವಾಗಿಲ್ಲ. ದಯವಿಟ್ಟು ಸಹಾಯ ಮಾಡಿ.'

ಹಾಕಿದವನು ನಮ್ಮ ಕ್ರಾಸಿನ ತುದಿಯ ಹಾರ್ಡ್‌ವೇರ್ ಅಂಗಡಿಯವರ ಮಗ. ಇಪ್ಪತ್ಮೂರು ವರ್ಷ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅವರಪ್ಪನಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ಲಿವರ್ ಗಂಟುಗಂಟಾಗಿ ಸಿರೋಸಿಸ್‌ಗೆ ತಿರುಗಿತ್ತು. ತನ್ನ ಲಿವರಿನ ಒಂದು ಭಾಗ ಕೊಡೋದು ಅಮ್ಮ ಅಂತ ತೀರ್ಮಾನವಾಗಿತ್ತು. ನಾನು ಫೋನ್ ಮಾಡಿ ಕೇಳಿದೆ, "ಇಪ್ಪತ್ತು ಅಂತ ಯಾರಪ್ಪ ಹೇಳಿದ್ದು?"

"ಕೌಂಟರ್‌ನಲ್ಲಿ ಚೀಟಿ ಕೊಟ್ರು ಅಣ್ಣ. ಇಪ್ಪತ್ತು ಅಂತ ಪ್ರಿಂಟೇ ಆಗಿದೆ. ಹೆಸರಿನ ಜಾಗ ಖಾಲಿ ಇತ್ತು, ಅಪ್ಪನ ಹೆಸರು ಬರೆದುಕೊಟ್ರು."

ಇಂಜಿನಿಯರಿಂಗ್ ಓದಿ ಪತ್ರಿಕೆಗೆ ಬಂದವನಿಗೆ ಒಂದು ಚಟ ಬಿಡೋದಿಲ್ಲ. ಯಾವುದೇ ಸಂಖ್ಯೆ ಕಂಡರೂ ಇದು ಎಲ್ಲಿಂದ ಬಂತು ಅಂತ ಕೇಳೋದು. ರೋಗಿಯ ಹೆಸರು ಬರೆಯುವ ಮೊದಲೇ ಪ್ರಿಂಟ್ ಆಗಿದ್ದ ಆ ಇಪ್ಪತ್ತು ನನ್ನ ತಲೆಯೊಳಗೆ ಕೂತುಬಿಟ್ಟಿತು.

ಭಾನುವಾರ ಬೆಳಗ್ಗೆ ಒಂದು ಟೆಂಪೋ ಟ್ರಾವೆಲರ್, ಐದಾರು ಬೈಕು ಹೊರಟವು. ಬಂದವರು ಯಾರು ಅಂತೀರಿ? ಆ ಅಂಗಡಿಯಲ್ಲಿ ಪೈಪು, ಪುಟ್ಟಿ, ವೈರು ಸಾಲಕ್ಕೆ ತಗೊಳ್ಳುವ ಪ್ಲಂಬರುಗಳು, ಪೇಂಟರುಗಳು, ಎಲೆಕ್ಟ್ರಿಷಿಯನ್‌ಗಳು. ಇಬ್ಬರು ಗಾರೆ ಮೇಸ್ತ್ರಿಗಳು ಗೊಟ್ಟಿಗೆರೆ ಕಡೆಯ ಸೈಟಿನ ಕೆಲಸ ಬಿಟ್ಟು ಬಂದಿದ್ದರು. ಅಪಾರ್ಟ್‌ಮೆಂಟಿನವರೂ ಬಂದರು, ಆದರೆ ಕಡಿಮೆ. ಹೋದ ಇಪ್ಪತ್ತಾರು ಮಂದಿಯಲ್ಲಿ ಒಂಬತ್ತು ಜನರನ್ನು ವಾಪಸ್ ಕಳಿಸಿದರು. ಕೆಲವರಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ, ಒಬ್ಬನ ಕೈಮೇಲೆ ಹಬ್ಬಕ್ಕೆ ಹಾಕಿಸಿಕೊಂಡ ಹೊಸ ಟ್ಯಾಟೂ, ಇನ್ನೊಬ್ಬ ಕೊಟ್ಟು ತೊಂಬತ್ತು ದಿನ ಆಗಿರಲಿಲ್ಲ. ಉಳಿದ ಮೂವರನ್ನು ಹುಡುಕುವುದಕ್ಕೆ ಮಂಗಳವಾರ ರಾತ್ರಿ ಆಯಿತು. ಏಪ್ರಿಲ್ ಬೇರೆ. ಕಾಲೇಜುಗಳಿಗೆ ರಜೆ, ಶಿಬಿರಗಳು ನಡೆಯೋದಿಲ್ಲ, ಬೆಂಗಳೂರಿನ ರಕ್ತನಿಧಿಗಳಿಗೆ ಅದು ಪ್ರತಿ ವರ್ಷದ ಬರಗಾಲ. ಅಪ್ಪನ ಫೈಲು, ಅಮ್ಮನ ಪರೀಕ್ಷೆಗಳು, ಬ್ಯಾಂಕ್ ಸಾಲ ಇವೆಲ್ಲದರ ನಡುವೆ ಆ ಹುಡುಗ ನಾಲ್ಕು ದಿನ ಕಾಂಟ್ಯಾಕ್ಟ್ ಲಿಸ್ಟ್ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿ ಅಂಗಲಾಚುತ್ತಿದ್ದ.

ಆಪರೇಷನ್ ಹದಿಮೂರು ಗಂಟೆ ನಡೆಯಿತು. ಅಪ್ಪನಿಗೆ ಹಾಕಿದ್ದು ಮೂರು ಯೂನಿಟ್ ಕೆಂಪು ರಕ್ತಕಣ, ಜೊತೆಗೆ ಒಂದಷ್ಟು ಕ್ರಯೋ. ಅಮ್ಮನಿಗೆ ಒಂದೂ ಬೇಕಾಗಲಿಲ್ಲ. "ಮೂರೇ ಅಂತೆ ಅಣ್ಣ!" ಅಂತ ಫೋನಿನಲ್ಲಿ ಖುಷಿಯಿಂದ ಕೂಗಿದ. ಎರಡು ಸೆಕೆಂಡ್ ಬಿಟ್ಟು, "ಹಾಗಾದ್ರೆ ಉಳಿದ ಹದಿನೇಳು?" ಅಂದ.

ಉಳಿದ ಹದಿನೇಳು ಯಾರದೋ ಮೈಗೆ ಹೋಗಿವೆ, ಪೋಲಾಗಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದು ರಕ್ತ ಕದ್ದ ಕಥೆಯಲ್ಲ. ನಾವು ಕೊಟ್ಟ ರಕ್ತ ನೇರವಾಗಿ ನಮ್ಮ ರೋಗಿಗೆ ಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗೋದು ಕಡಿಮೆ. ಅದು ರಕ್ತನಿಧಿಯ ದಾಸ್ತಾನಿಗೆ ಸೇರುತ್ತೆ, ರೋಗಿಗೆ ಹೊಂದುವ ಗುಂಪಿನದ್ದು ಅಲ್ಲಿಂದ ಬರುತ್ತೆ. 'ಯಾವ ಗ್ರೂಪ್ ಆದರೂ ಪರವಾಗಿಲ್ಲ' ಅಂದದ್ದು ಅದಕ್ಕೇ. ಹತ್ತಿರದ ಬಂಧುಗಳ ರಕ್ತವನ್ನು ವಿಕಿರಣಕ್ಕೆ ಒಡ್ಡದೆ ನೇರವಾಗಿ ಹಾಕಿದರೆ, ಅದರಲ್ಲಿನ ಬಿಳಿ ರಕ್ತಕಣಗಳು ರೋಗಿಯ ಮೈಯ ಮೇಲೇ ಯುದ್ಧಕ್ಕೆ ನಿಲ್ಲುವ ಅಪರೂಪದ, ಆದರೆ ಬಹುಪಾಲು ಪ್ರಾಣವನ್ನೇ ತೆಗೆಯುವ ಅಪಾಯವೂ ಇದೆ. ಹಾಗಾಗಿ ಈ ವಿನಿಮಯ ಸರಿಯಾದದ್ದೇ. ನನ್ನ ತಕರಾರು ಆ ಸಂಖ್ಯೆಯ ಬಗ್ಗೆ.

ಲಿವರ್ ಕಸಿ ಅಂದರೆ ರಕ್ತದ ಹೊಳೆ ಅನ್ನೋ ಕಲ್ಪನೆಗೆ ಕಾರಣ ಇಲ್ಲದಿಲ್ಲ. 1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯನೊಬ್ಬನಿಗೆ ಮೊತ್ತಮೊದಲ ಲಿವರ್ ಕಸಿಗೆ ಕೈಹಾಕಿದರು. ರೋಗಿ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲಿಸಲಾಗದೆ ಮಗು ಆಪರೇಷನ್ ಟೇಬಲ್ ಮೇಲೇ ತೀರಿಕೊಂಡಿತು. ಒಂದು ವರ್ಷದ ಮೇಲೆ ಬದುಕಿದ ರೋಗಿಯನ್ನು ಕಾಣಲು ಅವರಿಗೆ 1967ರವರೆಗೆ ಕಾಯಬೇಕಾಯಿತು. 80ರ ದಶಕದಲ್ಲೂ ಒಬ್ಬ ರೋಗಿಗೆ ಹತ್ತಾರು ಯೂನಿಟ್, ಕೆಲವೊಮ್ಮೆ ನೂರಕ್ಕೂ ಹೆಚ್ಚು ಯೂನಿಟ್ ಹೋಗುತ್ತಿತ್ತು. ವಯಸ್ಕರ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್ ರಕ್ತ. ಒಬ್ಬರ ಮೈಯ ರಕ್ತವೆಲ್ಲ ಹಲವು ಸಲ ಹೊರಗೆ ಹೋಗಿ ಒಳಗೆ ಬಂದಂತೆ ಅದು.

ಯಾಕೆ ಹೀಗೆ? ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಬಹುಪಾಲು ತಯಾರಿಸೋದು ಲಿವರ್ರೇ. ಅದು ಕೆಟ್ಟರೆ ಆ ಕಾರ್ಖಾನೆ ಅರ್ಧ ಮುಚ್ಚಿದ ಹಾಗೆ. ಗಟ್ಟಿಯಾದ ಲಿವರಿನೊಳಗೆ ರಕ್ತ ಸಲೀಸಾಗಿ ಹರಿಯದೆ ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತೆ, ಹೊಟ್ಟೆಯ ತುಂಬ ಸಣ್ಣಸಣ್ಣ ನಾಳಗಳು ಊದಿಕೊಳ್ಳುತ್ತವೆ, ದಪ್ಪಗಾದ ಗುಲ್ಮ ಪ್ಲೇಟ್ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತೆ. ಇಂಥ ಹೊಟ್ಟೆಯಲ್ಲಿ ಕತ್ತರಿ ಆಡಿಸಬೇಕು. ಮೊದಲ ಹಂತ ಹಳೆಯ ಲಿವರನ್ನು ಬಿಡಿಸಿ ತೆಗೆಯೋದು, ಬಹಳ ರಕ್ತ ಹೋಗೋದು ಇಲ್ಲಿ. ಎರಡನೆಯದು, ಮೈಯಲ್ಲಿ ಲಿವರೇ ಇಲ್ಲದ ಹೊತ್ತು. ಮೂರನೆಯದು ಹೊಸ ಲಿವರಿಗೆ ರಕ್ತ ಬಿಡುವ ಕ್ಷಣ. ಆಗ ಕಟ್ಟಿದ ಹೆಪ್ಪೂ ಕರಗಿ ಮತ್ತೆ ರಕ್ತ ಸೋರಬಹುದು.

ಎರಡನೆಯ ಹಂತದ ಒಂದು ವಿಚಾರ ನನ್ನನ್ನು ಬಹಳ ಹಿಡಿದಿಟ್ಟಿತು. ಚೀಲದೊಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ಹಾಕಿರ್ತಾರೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತೆ. ಮೈಗೆ ಹೋದ ಸಿಟ್ರೇಟನ್ನು ಮುಖ್ಯವಾಗಿ ಕರಗಿಸೋದು ಯಾರು? ಲಿವರ್. ಲಿವರೇ ಇಲ್ಲದ ಹೊತ್ತಿನಲ್ಲಿ ಚೀಲದ ಮೇಲೆ ಚೀಲ ಏರಿಸಿದರೆ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತವೇ ದುರ್ಬಲವಾಗುತ್ತೆ, ಹೆಪ್ಪುಗಟ್ಟುವ ಶಕ್ತಿಯೂ ಇಳಿಯುತ್ತೆ. ಅದಕ್ಕೇ ಅರಿವಳಿಕೆ ತಜ್ಞರು ರಕ್ತದ ಜೊತೆಜೊತೆಗೇ ಕ್ಯಾಲ್ಸಿಯಂ ಕೊಡ್ತಾ ಇರ್ತಾರೆ. ರಕ್ತ ಜೀವ ಉಳಿಸುತ್ತೆ, ನಿಜ. ಆದರೆ ಅದೂ ಒಂದು ಔಷಧಿ, ಅದಕ್ಕೂ ಡೋಸ್ ಅಂತ ಇದೆ.

ಈ ಡೋಸಿನ ವಿಷಯದಲ್ಲೇ ಕಳೆದ ಎರಡು ದಶಕಗಳಲ್ಲಿ ತಿಳಿವಳಿಕೆ ತಲೆಕೆಳಗಾಗಿರೋದು. ಹಳೆಯ ಪದ್ಧತಿ ಹೀಗಿತ್ತು: ಸಿರೋಸಿಸ್ ರೋಗಿಯ ಐಎನ್‌ಆರ್ ನೋಡು, ಜಾಸ್ತಿ ಇದ್ದರೆ ರಕ್ತ ತೆಳ್ಳಗಿದೆ ಅಂತ ಅರ್ಥ, ಆಪರೇಷನ್‌ಗೆ ಮುಂಚೆಯೇ ಪ್ಲಾಸ್ಮಾ ಹಾಕಿ ಸರಿಮಾಡು. ಆದರೆ ಲಿವರ್ ತಯಾರಿಸೋದು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನಷ್ಟೇ ಅಲ್ಲ, ಹೆಪ್ಪುಗಟ್ಟದಂತೆ ತಡೆಯುವವನ್ನೂ ಅದೇ ತಯಾರಿಸುತ್ತೆ. ಕಾಯಿಲೆಯಲ್ಲಿ ಎರಡೂ ಕಮ್ಮಿಯಾಗುತ್ತವೆ. ಐಎನ್‌ಆರ್ ಪರೀಕ್ಷೆಗೆ ಕಾಣೋದು ತಕ್ಕಡಿಯ ಒಂದು ತಟ್ಟೆ ಮಾತ್ರ. ಇಟಲಿಯ ತ್ರಿಪೋಡಿ ಮತ್ತು ಮನ್ನೂಚಿ, ನೆದರ್‌ಲೆಂಡ್ಸಿನ ಲಿಸ್ಮನ್ ಮತ್ತು ಪೋರ್ಟೆ 2010ರ ಆಸುಪಾಸಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು. ಇಂಥ ರೋಗಿಯ ರಕ್ತ ಕೆಳಮಟ್ಟದಲ್ಲಿ ಒಂದು ಹೊಸ ಸಮತೋಲನಕ್ಕೆ ಬಂದಿರುತ್ತೆ. ಆ ಸಮತೋಲನ ನಾಜೂಕು, ಎರಡೂ ಕಡೆಗೆ ವಾಲಬಹುದು. ಆದರೂ ಅದು ಸಮತೋಲನವೇ.

ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ನಾನು ಅಂತೂ ಇಂತೂ ಪಾಸಾದವನು. ಆದರೂ ಇಲ್ಲಿರೋದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಗುರುತಿಸೋಕೆ ಕಷ್ಟ ಆಗಲಿಲ್ಲ. ಕಾಗದದ ಮೇಲಿನ ಐಎನ್‌ಆರ್ ಸರಿಮಾಡಲು ಲೀಟರ್‌ಗಟ್ಟಲೆ ಪ್ಲಾಸ್ಮಾ ಸುರಿದರೆ ನಾಳಗಳಲ್ಲಿ ದ್ರವ ತುಂಬಿ ಒತ್ತಡ ಏರುತ್ತೆ. ಮೊದಲೇ ಊದಿದ್ದ ನಾಳಗಳು ಮತ್ತಷ್ಟು ಊದಿ, ಕತ್ತರಿ ತಾಗಿದಲ್ಲೆಲ್ಲ ಇನ್ನೂ ಜೋರಾಗಿ ಸೋರುತ್ತವೆ. ಸೋರಿತು ಅಂತ ಮತ್ತೆ ಸುರಿ. ಓವರ್‌ಹೆಡ್ ಟ್ಯಾಂಕಿನ ಪೈಪು ಸೋರ್ತಿದೆ ಅಂತ ಮೋಟರ್ ಜಾಸ್ತಿ ಓಡಿಸಿದಂತೆ.

ಇದರಿಂದ ಹೊರಗೆ ಬರುವ ದಾರಿಗಳು ಹೊಸವೇನಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹೆಲ್ಮುಟ್ ಹಾರ್ಟರ್ಟ್ 1948ರಲ್ಲೇ ಥ್ರಾಂಬೋಎಲಾಸ್ಟೋಗ್ರಫಿ ಅನ್ನುವ ಉಪಕರಣ ಮಾಡಿದ್ದರು. ಎಲ್ಲರೂ ಅದನ್ನು ಟೆಗ್ ಅಂತಾರೆ. ಮೈಯ ಬಿಸಿಯಲ್ಲಿಟ್ಟ ಪುಟ್ಟ ಬಟ್ಟಲಿನಲ್ಲಿ ಕೆಲವೇ ಹನಿ ರಕ್ತ, ಅದರೊಳಗೆ ತೂಗುಬಿಟ್ಟ ಒಂದು ಕಡ್ಡಿ. ಬಟ್ಟಲು ಆ ಕಡೆ ಈ ಕಡೆ ಐದು ಡಿಗ್ರಿಗೂ ಕಡಿಮೆ ತಿರುಗುತ್ತೆ. ರಕ್ತ ನೀರಾಗಿದ್ದಾಗ ಕಡ್ಡಿ ಸುಮ್ಮನಿರುತ್ತೆ, ಹೆಪ್ಪು ಕಟ್ಟುತ್ತಾ ಹೋದಂತೆ ಬಟ್ಟಲಿನ ಜೊತೆ ತಾನೂ ಆಡುತ್ತೆ. ಆ ಆಟವೇ ಗ್ರಾಫಾಗಿ ಮೂಡುತ್ತೆ. ಹೆಪ್ಪು ಕಟ್ಟಲು ಎಷ್ಟು ಹೊತ್ತು ಆಯಿತು, ಎಷ್ಟು ಗಟ್ಟಿಯಾಯಿತು, ಮತ್ತೆ ಕರಗಿತಾ, ಎಲ್ಲವೂ ಒಂದೇ ಗೆರೆಯಲ್ಲಿ. ಹೊಸ ಯಂತ್ರಗಳ ಒಳಗಿನ ವಿನ್ಯಾಸ ಬದಲಾಗಿದೆ, ಉತ್ತರಿಸುವ ಪ್ರಶ್ನೆ ಅದೇ: ಈಗ, ಈ ನಿಮಿಷ ಈ ರೋಗಿಗೆ ಬೇಕಿರೋದು ಪ್ಲಾಸ್ಮಾನಾ, ಪ್ಲೇಟ್ಲೆಟ್ಟಾ, ಫೈಬ್ರಿನೋಜನ್ನಾ, ಅಥವಾ ಏನೂ ಬೇಡವಾ? ಪಿಟ್ಸ್‌ಬರ್ಗ್‌ನ ಅರಿವಳಿಕೆ ತಜ್ಞ ಯೂ ಗೂ ಕಾಂಗ್ ಇದನ್ನು ಲಿವರ್ ಕಸಿಯ ಆಪರೇಷನ್ ಥಿಯೇಟರಿಗೆ ತಂದು 66 ರೋಗಿಗಳ ಅನುಭವವನ್ನು 1985ರಲ್ಲಿ ಪ್ರಕಟಿಸಿದರು. ರಕ್ತ ಮತ್ತು ದ್ರವದ ಬಳಕೆ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು.

ಇಟಲಿಯಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಸರಳ. ಅದು ಕಸಿಯದ್ದಲ್ಲ, ಸಿರೋಸಿಸ್ ರೋಗಿಗಳ ಸಣ್ಣಪುಟ್ಟ ಚಿಕಿತ್ಸೆಗಳದ್ದು. ಐಎನ್‌ಆರ್ ಅಥವಾ ಪ್ಲೇಟ್ಲೆಟ್ ಎಣಿಕೆ, ಇಲ್ಲವೇ ಎರಡೂ ಕೆಟ್ಟಿದ್ದ 60 ಮಂದಿ. ಹಳೆಯ ಪದ್ಧತಿಯ 30 ಮಂದಿಗೆ, ಅಷ್ಟೂ ಮಂದಿಗೆ, ಮುಂಚಿತವಾಗಿ ಪ್ಲಾಸ್ಮಾನೋ ಪ್ಲೇಟ್ಲೆಟ್ಟೋ ಹೋಯಿತು. ಟೆಗ್ ನೋಡಿ ನಿರ್ಧರಿಸಿದ 30ರಲ್ಲಿ ಬೇಕಾದದ್ದು ಐದೇ ಜನಕ್ಕೆ. ಹಾಗಂತ ಈ ಗುಂಪಿನಲ್ಲಿ ರಕ್ತಸ್ರಾವವೇನೂ ಹೆಚ್ಚಲಿಲ್ಲ.

ಇನ್ನು ಮಾಂಟ್ರಿಯಲ್ ಕಥೆ. ಕೆನಡಾದ ಲುಕ್ ಮಾಸಿಕೋಟ್ ಮತ್ತು ಸಂಗಡಿಗರು ಸತತ 500 ಲಿವರ್ ಕಸಿಗಳ ಲೆಕ್ಕವನ್ನು 2012ರಲ್ಲಿ ಮುಂದಿಟ್ಟರು. ಆಪರೇಷನ್ ವೇಳೆ ರಕ್ತದ ಯಾವ ಉತ್ಪನ್ನವೂ ಬೇಕಾಗದವರು ಶೇ 79.6. ಸರಾಸರಿ ಒಬ್ಬರಿಗೆ ಅರ್ಧ ಯೂನಿಟ್ ಕೆಂಪು ರಕ್ತಕಣ. ಅವರು ಮಾಡಿದ್ದೇನು? ಐಎನ್‌ಆರ್ ಸರಿಮಾಡಲು ಪ್ಲಾಸ್ಮಾ ಹಾಕೋದನ್ನು ಬಿಟ್ಟರು. ದ್ರವ ಮಿತವಾಗಿ ಕೊಟ್ಟು ಅಭಿಧಮನಿಗಳ ಒತ್ತಡ ತಗ್ಗಿಸಿದರು. ತಡೆದುಕೊಳ್ಳಬಲ್ಲ ರೋಗಿಗಳಿಂದ ಶುರುವಿನಲ್ಲೇ ಸ್ವಲ್ಪ ರಕ್ತ ತೆಗೆದಿಟ್ಟುಕೊಂಡು, ರಕ್ತಸ್ರಾವದ ಹಂತ ಮುಗಿದ ಮೇಲೆ ಅವರದ್ದನ್ನೇ ಅವರಿಗೆ ಹಿಂತಿರುಗಿಸಿದರು. ಇದರ ಜೊತೆ ಇನ್ನೊಂದು ಯಂತ್ರವೂ ಇದೆ. ಹೊಟ್ಟೆಯಲ್ಲಿ ಸೋರಿದ ರಕ್ತವನ್ನು ಹೀರಿ, ತೊಳೆದು, ವಾಪಸ್ ಕೊಡುವ ಸೆಲ್ ಸೇವರ್. ನಮ್ಮ ದೊಡ್ಡ ಆಸ್ಪತ್ರೆಗಳಿಗೂ ಇದು ಪರಿಚಿತವೇ.

ಆಸ್ಪತ್ರೆಯವರ ಕಡೆಯ ವಾದವನ್ನೂ ಪೂರ್ತಿ ಕೇಳಬೇಕು, ಅದರಲ್ಲಿ ತೂಕ ಇದೆ. ಮಾಂಟ್ರಿಯಲ್ಲಿನ ಫಲಿತಾಂಶ ಎಲ್ಲರ ಕೈಗೂ ಸಿಕ್ಕಿಲ್ಲ. ಒತ್ತಡ ತೀರಾ ಇಳಿಸಿದರೆ ಕಿಡ್ನಿಗೆ ಪೆಟ್ಟು ಬೀಳುವ ಭಯ ಇದೆ. ನಮ್ಮಲ್ಲಿ ರೋಗಿಗಳು ಆಪರೇಷನ್‌ಗೆ ಬರೋದೇ ಕೊನೆ ಹಂತದಲ್ಲಿ, ಹಿಮೋಗ್ಲೋಬಿನ್ ಏಳೋ ಎಂಟೋ ಇಟ್ಟುಕೊಂಡು. ಅಂಥವರಿಗೆ ಶುರುವಿನಲ್ಲೇ ರಕ್ತ ಬೇಕಾಗುತ್ತೆ. ಮೇಲಾಗಿ ಜೀವಂತ ದಾನಿಯ ಕಸಿಯಲ್ಲಿ ಎರಡು ಟೇಬಲ್, ಎರಡು ಜೀವ. ದೇಶದಲ್ಲಿ ಈಗ ವರ್ಷಕ್ಕೆ 4 ಸಾವಿರಕ್ಕೂ ಹೆಚ್ಚು ಲಿವರ್ ಕಸಿಗಳು ಆಗ್ತಿವೆ, ಬಹುಪಾಲು ಮನೆಯವರೇ ಕೊಡುವಂಥವು. 1998ರಲ್ಲಿ ದೆಹಲಿಯಲ್ಲಿ ಕಾಂಚೀಪುರದ 20 ತಿಂಗಳ ಮಗುವಿಗೆ ಆದ ದೇಶದ ಮೊದಲ ಯಶಸ್ವಿ ಕಸಿಯಲ್ಲೂ ಲಿವರ್ ಕೊಟ್ಟದ್ದು ಅಪ್ಪನೇ. ಯಾವ ರೋಗಿ ಯಾವಾಗ ಸೋರಲು ಶುರುಮಾಡ್ತಾನೆ ಅಂತ ಹೇಳೋಕಾಗದಿದ್ದಾಗ ಫ್ರಿಜ್ಜಿನಲ್ಲಿ ಹತ್ತು ಚೀಲ ಇರಲೇಬೇಕು. ಇಟ್ಟುಕೊಂಡು ಬಳಸದೇ ಇರೋದು ಜಾಣತನ, ಇಟ್ಟುಕೊಳ್ಳದೇ ಇರೋದು ಅಪರಾಧ. ಒಪ್ಪಿದೆ.

ಹೆಚ್ಚು ರಕ್ತ ಹೋದವರು ಕಡಿಮೆ ಬದುಕ್ತಾರೆ ಅನ್ನುವ ಅಧ್ಯಯನಗಳನ್ನೂ ಹುಷಾರಾಗಿ ಓದಬೇಕು. ಗ್ರೋನಿಂಗೆನ್‌ನ 433 ರೋಗಿಗಳ 2008ರ ಅಧ್ಯಯನದಲ್ಲಿ ಪ್ಲೇಟ್ಲೆಟ್ ಮತ್ತು ಕೆಂಪು ರಕ್ತಕಣ ಎರಡಕ್ಕೂ, ಬೇರೆ ಕಾರಣಗಳನ್ನು ಬದಿಗಿಟ್ಟು ನೋಡಿದಾಗಲೂ, ಒಂದು ವರ್ಷದೊಳಗಿನ ಸಾವಿನ ಜೊತೆ ನಂಟು ಕಂಡಿತ್ತು. ಆದರೆ ಹೆಚ್ಚು ಕಾಯಿಲೆ ಇದ್ದವರಿಗೇ ಹೆಚ್ಚು ರಕ್ತ ಬೇಕಾಗೋದು ಅಲ್ವಾ? ನಂಟು ಅಂದಮಾತ್ರಕ್ಕೆ ಕಾರಣ ಆಗಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಬಾರ್ಸಿಲೋನಾದ 2013ರ ಪ್ರಯೋಗ. ಜಠರ, ಅನ್ನನಾಳದ ರಕ್ತಸ್ರಾವದಿಂದ ಬಂದ 921 ರೋಗಿಗಳು, ಅದರಲ್ಲಿ ಸಿರೋಸಿಸ್‌ನವರೂ ಬಹಳ. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಪಡೆದವರಲ್ಲಿ ಆರು ವಾರದ ನಂತರ ಬದುಕಿದ್ದವರು ಶೇ 95. 9ಕ್ಕೆ ಇಳಿದಾಗಲೇ ಪಡೆದವರಲ್ಲಿ ಶೇ 91. ಸಿರೋಸಿಸ್ ತೀರಾ ಮುಂದುವರಿದವರಲ್ಲಿ ಈ ಲಾಭ ಕಾಣಲಿಲ್ಲ ಅನ್ನೋದನ್ನೂ ಸೇರಿಸಲೇಬೇಕು.

ಅಂದಮೇಲೆ ಒಬ್ಬ ರೋಗಿಗೆ ಎಷ್ಟು ರಕ್ತ ಹೋಗುತ್ತೆ ಅನ್ನೋದು ಅವನ ಕಾಯಿಲೆಯಷ್ಟೇ ಆ ಥಿಯೇಟರಿನ ರೂಢಿಯನ್ನೂ ಅವಲಂಬಿಸಿದೆ. ಯಾವ ಪರೀಕ್ಷೆ ನೋಡ್ತಾರೆ, ಯಾವ ಅಂಕಿಗೆ ಚೀಲ ತೆರೀತಾರೆ, ಸೆಲ್ ಸೇವರ್ ಹಚ್ತಾರಾ ಇಲ್ವಾ. ಇಲ್ಲಿಂದ ನನ್ನ ಪ್ರಶ್ನೆ ದುಡ್ಡಿನ ಕಡೆ ತಿರುಗುತ್ತೆ.

ಟೆಗ್‌ನ ಪ್ರತಿ ಪರೀಕ್ಷೆಗೂ ಒಂದು ಕಾರ್ಟ್ರಿಜ್ ಹೋಗುತ್ತೆ, ಸೆಲ್ ಸೇವರಿಗೆ ಒಂದೇ ಸಲ ಬಳಸಿ ಎಸೆಯುವ ಸೆಟ್. ಎರಡಕ್ಕೂ ಬಿಲ್ಲಿದೆ. ರಕ್ತಕ್ಕೆ ಬಿಲ್ಲಿರೋದು ಸಂಸ್ಕರಣೆಯದ್ದು ಮಾತ್ರ. ರಕ್ತ ಮಾರಾಟದ ವಸ್ತುವಲ್ಲ, ಸಂಸ್ಕರಣಾ ಶುಲ್ಕ ಬಿಟ್ಟು ಬೇರೇನೂ ತೆಗೆದುಕೊಳ್ಳಬೇಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2024ರ ಶುರುವಿನಲ್ಲಿ ಮತ್ತೊಮ್ಮೆ ನೆನಪಿಸಬೇಕಾಯಿತು. ಮಾರ್ಗಸೂಚಿಯ ಪ್ರಕಾರ ಖಾಸಗಿ ಕೇಂದ್ರಗಳಲ್ಲಿ ಒಂದು ಯೂನಿಟ್ ಕೆಂಪು ರಕ್ತಕಣಕ್ಕೆ 1,550 ರೂಪಾಯಿ, ಪ್ಲಾಸ್ಮಾ ಅಥವಾ ಪ್ಲೇಟ್ಲೆಟ್ ಪ್ಯಾಕಿಗೆ 400. ಸರಿ. ಆದರೆ ಆ ಯೂನಿಟ್ಟಿನ ನಿಜವಾದ ಬೆಲೆ ಆ ಬಿಲ್ಲಿನಲ್ಲಿ ಎಲ್ಲಿದೆ? ಗೊಟ್ಟಿಗೆರೆಯ ಮೇಸ್ತ್ರಿ ಕಳಕೊಂಡ ಒಂದು ದಿನದ ಕೂಲಿ, ಟೆಂಪೋ ಬಾಡಿಗೆ, ಇಪ್ಪತ್ತು ಜನಕ್ಕೆ ತಿಂಡಿ, ಹುಡುಗ ಅಪ್ಪನ ಪಕ್ಕದಲ್ಲಿರಬೇಕಾದ ನಾಲ್ಕು ದಿನ, ಜೊತೆಗೆ ಇನ್ನೆಷ್ಟೋ ವರ್ಷ ಹೊರಬೇಕಾದ ಮುಲಾಜು. ಇದೆಲ್ಲ ಯಾವ ಆಸ್ಪತ್ರೆಯ ಲೆಕ್ಕಪುಸ್ತಕಕ್ಕೂ ಬರೋದಿಲ್ಲ. ಬೆಲೆ ತೆರುವವರು ಒಬ್ಬರು, ಸಂಖ್ಯೆ ಬರೆಯುವವರು ಇನ್ನೊಬ್ಬರು. ಹಾಗಿರುವಾಗ ಇಪ್ಪತ್ತನ್ನು ಎಂಟಕ್ಕೆ ಇಳಿಸುವ ತಲೆನೋವು ಯಾರಿಗೆ ಬೇಕು?

ಇದು ಹೀಗೇ ಇರಬೇಕು ಅಂತ ಯಾರೂ ಹೇಳಿಲ್ಲ. ಕಾಮನ್ ಕಾಸ್ ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ದುಡ್ಡಿಗೆ ರಕ್ತ ಕೊಡುವ ಪದ್ಧತಿ 1998ರ ಶುರುವಿಗೆ ನಿಂತಿತು, ಕಾನೂನಿನ ಮಟ್ಟಿಗಾದರೂ. 2002ರ ರಾಷ್ಟ್ರೀಯ ರಕ್ತ ನೀತಿ ಒಂದು ಹೆಜ್ಜೆ ಮುಂದೆ ಹೋಗಿ, ಬದಲಿ ದಾನಿಗಳನ್ನು ತರಿಸುವ ಪದ್ಧತಿಯನ್ನೂ ಕಾಲಮಿತಿಯಲ್ಲಿ ಕೈಬಿಡಬೇಕು, ಸ್ವಯಂಪ್ರೇರಿತ ದಾನದಿಂದಲೇ ದಾಸ್ತಾನು ತುಂಬಬೇಕು ಅಂದಿತು. ಎರಡು ದಶಕ ಕಳೆದಿದೆ. ಕೌಂಟರ್‌ನಲ್ಲಿ ಚೀಟಿ ಈಗಲೂ ಪ್ರಿಂಟ್ ಆಗ್ತಿದೆ. ಬೆಂಗಳೂರಿನಂಥ ಊರಿನಲ್ಲಿ, ರಾಷ್ಟ್ರೋತ್ಥಾನ, ರೋಟರಿ ಟಿಟಿಕೆಯಂಥ ರಕ್ತನಿಧಿಗಳು, ಸಂಕಲ್ಪದಂಥ ಸಂಘಟನೆಗಳು ಇಷ್ಟು ಕಾಲದಿಂದ ಸ್ವಯಂಪ್ರೇರಿತ ದಾನವನ್ನು ಕಟ್ಟುತ್ತಾ ಬಂದಿರುವ ಊರಿನಲ್ಲಿ, ಇದು ಇನ್ನೂ ನಡೀತಿರೋದು ನನಗಂತೂ ನಾಚಿಕೆ ಅನಿಸುತ್ತೆ.

ಅಂಜನಾಪುರದ ಹುಡುಗನಿಗೆ ಕನಿಷ್ಠ ಒಂದು ವಾಟ್ಸಾಪ್ ಗ್ರೂಪ್ ಇತ್ತು, ಅಪ್ಪನಿಗೆ ಅಂಗಡಿ ಇತ್ತು, ಅಂಗಡಿಗೆ ಗಿರಾಕಿಗಳಿದ್ದರು. ರಾಯಚೂರಿನಿಂದಲೋ ಬೀದರ್‌ನಿಂದಲೋ ಬಂದು ಆಸ್ಪತ್ರೆ ಎದುರಿನ ಲಾಡ್ಜಿನಲ್ಲಿ ಉಳಿದ ಮೂವರ ಕುಟುಂಬ ಇಪ್ಪತ್ತು ಜನರನ್ನು ಎಲ್ಲಿಂದ ತರಬೇಕು? ಮೃತ ದಾನಿಯ ಲಿವರ್ ಆದರೆ ದಿನಾಂಕವೇ ಗೊತ್ತಿರಲ್ಲ. ರಾಜ್ಯದಲ್ಲಿ ಜೀವಸಾರ್ಥಕತೆಯ ಮೂಲಕ ಹಂಚಿಕೆ ನಡೆಯುತ್ತೆ, 2023ರಲ್ಲಿ ಕರ್ನಾಟಕದಲ್ಲಿ 178 ಕುಟುಂಬಗಳು ತಮ್ಮವರ ಅಂಗಾಂಗ ದಾನಕ್ಕೆ ಒಪ್ಪಿದವು. ಕರೆ ಮಧ್ಯರಾತ್ರಿಯೂ ಬರಬಹುದು, ಕೈಯಲ್ಲಿರೋದು ಕೆಲವೇ ಗಂಟೆ. ಆಗ ದಾನಿಗಳ ಚೀಟಿ ಹಿಡಿದು ಯಾರ ಮನೆ ಬಾಗಿಲು ತಟ್ಟೋದು? ಬಿಪಿಎಲ್ ಕುಟುಂಬಗಳ ಕಸಿಯ ಖರ್ಚಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವಿದೆ, ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಅಂಗಾಂಗ ಕಸಿ ಸಂಸ್ಥೆ ಇದೆ. ದುಡ್ಡಿನ ದಾರಿ ಇಷ್ಟಾದರೂ ತೆರೆದಿದೆ, ರಕ್ತದ ದಾರಿ ಇನ್ನೂ ಬಂಧುಬಳಗದ ಮೂಲಕವೇ ಹೋಗಬೇಕು.

ಹಾಗಾದರೆ ಏನು ಮಾಡೋದು? ಉಪಾಯ ಅಳತೆಯಿಂದ ಶುರುವಾಗುತ್ತೆ. ರಕ್ತನಿಧಿಗಳಲ್ಲಿ ಒಂದು ಹಳೆಯ ಅನುಪಾತ ಇದೆ: ಒಬ್ಬ ರೋಗಿಗಾಗಿ ಹೊಂದಾಣಿಕೆ ಪರೀಕ್ಷೆ ಮಾಡಿ ತೆಗೆದಿಟ್ಟ ಯೂನಿಟ್ ಎಷ್ಟು, ನಿಜವಾಗಿ ಹಾಕಿದ್ದು ಎಷ್ಟು. ಇದು ಎರಡೂವರೆ ದಾಟಿದರೆ ಅಗತ್ಯಕ್ಕಿಂತ ಜಾಸ್ತಿ ಕೇಳ್ತಿದ್ದೀರಿ ಅಂತ ಅರ್ಥ. ನಮ್ಮ ಚೀಟಿಯ ಇಪ್ಪತ್ತು ಹೊಂದಾಣಿಕೆ ಮಾಡಿಟ್ಟ ಯೂನಿಟ್ಟಿನ ಲೆಕ್ಕವಲ್ಲ, ತರಿಸಿದ ದಾನಿಗಳ ಲೆಕ್ಕ, ಹಾಗಾಗಿ ಪಕ್ಕಪಕ್ಕ ಇಟ್ಟು ತೂಗೋದು ಪೂರ್ತಿ ಸರಿಯಲ್ಲ. ಆದರೂ ಇಪ್ಪತ್ತಕ್ಕೆ ಮೂರು ಅನ್ನೋದನ್ನು ಯಾರಾದರೂ ಒಂದು ಕಡೆ ಬರೆದಿಟ್ಟುಕೊಂಡರಾ? ನೂರು ಕಸಿಗಳದ್ದು ಹೀಗೆ ಬರೆದಿಟ್ಟರೆ ಮುಂದಿನ ಚೀಟಿಯಲ್ಲಿ ಯಾವ ಸಂಖ್ಯೆ ಪ್ರಿಂಟ್ ಆಗಬೇಕು ಅನ್ನೋದಕ್ಕೆ ಉತ್ತರ ತಾನಾಗೇ ಸಿಗುತ್ತೆ.

ಅಳೆದವರಿಗೆ ಏನಾಯಿತು ಅನ್ನೋದಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಇದೆ. ಅಲ್ಲಿನ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ 2008ರಿಂದ 2014ರವರೆಗೆ ಎಲ್ಲ ಬಗೆಯ ಚಿಕಿತ್ಸೆಗೆ ಬಂದ 6 ಲಕ್ಷಕ್ಕೂ ಹೆಚ್ಚು ರೋಗಿಗಳ ಮಟ್ಟಿಗೆ ರಕ್ತ ಬಳಕೆಯನ್ನು ವ್ಯವಸ್ಥಿತವಾಗಿ ನಿಭಾಯಿಸಿದರು. ಆಪರೇಷನ್‌ಗೆ ಮುಂಚೆಯೇ ರಕ್ತಹೀನತೆ ಹುಡುಕಿ ಸರಿಮಾಡೋದು, ಒಂದೊಂದೇ ಯೂನಿಟ್ ಕೊಟ್ಟು ಮತ್ತೆ ಪರೀಕ್ಷಿಸೋದು, ಯಾವ ವಿಭಾಗ ಎಷ್ಟು ಬಳಸಿತು ಅಂತ ಅವರಿಗೇ ತೋರಿಸೋದು. ರಕ್ತದ ಬಳಕೆ ಶೇ 41 ಇಳಿಯಿತು, ಸಾವುಗಳೂ ಕಡಿಮೆಯಾದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಲ್ಲ ದೇಶಗಳೂ ಇದನ್ನು ತುರ್ತಾಗಿ ಜಾರಿ ಮಾಡಬೇಕು ಅಂತ ಹೇಳಿತು. ನಮ್ಮಲ್ಲಿ 2012ರ ಡಿಸೆಂಬರ್‌ನಿಂದ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಅದು ರಕ್ತ ಹಾಕಿದ ಮೇಲೆ ಆದ ಅನಾಹುತವನ್ನು ದಾಖಲಿಸುತ್ತೆ. ಆ ರಕ್ತ ಬೇಕಿತ್ತಾ ಅನ್ನೋದು ಅಲ್ಲಿ ಪ್ರಶ್ನೆಯಲ್ಲ.

ಕರ್ನಾಟಕದ ಕೈಯಲ್ಲಿ ಒಂದು ಕಾನೂನಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದೇ ಕೆಪಿಎಂಇ. 2017ರಲ್ಲಿ ಅದಕ್ಕೆ ತಿದ್ದುಪಡಿ ತರೋ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿ ರಾಜ್ಯವೇ ಅಲ್ಲಾಡಿದ್ದು ನಿಮಗೆ ನೆನಪಿರಬಹುದು. ದರ ಪಟ್ಟಿ ತೂಗುಹಾಕಿ ಅಂತ ಕೇಳಬಹುದಾದರೆ, ಲಿವರ್ ಕಸಿ ಮಾಡುವ ಕೇಂದ್ರಗಳಿಗೆ ಇನ್ನೊಂದು ಸಾಲು ಸೇರಿಸಿ ಅಂತ ಕೇಳೋದು ದೊಡ್ಡ ಮಾತಲ್ಲ: ಕಳೆದ ವರ್ಷ ಎಷ್ಟು ಕಸಿ ಮಾಡಿದಿರಿ, ನಡುವಿನ ರೋಗಿಗೆ ಎಷ್ಟು ಯೂನಿಟ್ ಹೋಯಿತು, ಒಂದೂ ಬೇಕಾಗದವರು ಎಷ್ಟು, ಎಷ್ಟು ದಾನಿಗಳನ್ನು ತರಿಸಿದಿರಿ. ಸರಾಸರಿ ಬೇಡ. ಅರವತ್ತು ಯೂನಿಟ್ ಹೋದ ಒಬ್ಬ ರೋಗಿ ಇಡೀ ಸರಾಸರಿಯನ್ನು ಎಳೆದುಬಿಡ್ತಾನೆ, ಅದಕ್ಕೇ ನಡುವಿನ ಸಂಖ್ಯೆ. ಕಷ್ಟದ ರೋಗಿಗಳನ್ನು ತೆಗೆದುಕೊಳ್ಳುವ ಕೇಂದ್ರದ ಅಂಕಿ ಹೆಚ್ಚೇ ಇರುತ್ತೆ, ಅದನ್ನು ಬರೆದು ವಿವರಿಸಲಿ. ಇಲ್ಲದಿದ್ದರೆ ಅಂಕಿ ಚೆನ್ನಾಗಿ ಕಾಣಲಿ ಅಂತ ಕೊಡಬೇಕಾದ ರಕ್ತವನ್ನೇ ತಡೆಯುವ ಅಪಾಯ ಇದೆ. ಅಂಥ ಆಟ ನೋಡದವರಲ್ಲ ನಾವು.

ಕಾನೂನು ಬರೋವರೆಗೆ ಮನೆಯವರು ಕೇಳಬಹುದು. ನಮ್ಮ ಹುಡುಗ ಕೇಳಲಿಲ್ಲ, ಅಪ್ಪನ ಜೀವ ಅವರ ಕೈಯಲ್ಲಿರುವಾಗ ಕೇಳೋಕೆ ಬಾಯಿ ಬರಲ್ಲ. ಅದಕ್ಕೇ ಅಡ್ಮಿಟ್ ಆಗುವ ವಾರಗಳ ಮೊದಲೇ, ಕೌನ್ಸೆಲಿಂಗ್‌ಗೆ ಕರೆದಾಗ ಕೇಳಿಬಿಡಬೇಕು. ಇಲ್ಲಿ ಟೆಗ್ ಅಥವಾ ಅಂಥದ್ದೇ ಯಂತ್ರ ಇದೆಯಾ, ರಾತ್ರಿ ಎರಡು ಗಂಟೆಗೂ ಅದನ್ನು ನಡೆಸುವವರು ಇರ್ತಾರಾ? ಸೆಲ್ ಸೇವರ್ ಹಚ್ತೀರಾ, ಇಲ್ಲದಿದ್ದರೆ ಯಾಕೆ? ಹಿಮೋಗ್ಲೋಬಿನ್ ಈಗಲೇ ಕಡಿಮೆ ಇದ್ದರೆ ಆಪರೇಷನ್ ದಿನದವರೆಗೆ ಏರಿಸಲು ಏನಾದರೂ ಮಾಡಬಹುದಾ? ಇಪ್ಪತ್ತು ದಾನಿಗಳಲ್ಲಿ ಅರ್ಧ ಜನ ಆಪರೇಷನ್ ಆದ ತಿಂಗಳ ಮೇಲೆ ಬಂದರೆ ಆಗುತ್ತಾ? ಈ ಕೊನೆಯ ಪ್ರಶ್ನೆ ಮುಖ್ಯ. ಪ್ಲೇಟ್ಲೆಟ್ ಐದೇ ದಿನ ಇರೋದು, ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ. ಎಲ್ಲರನ್ನೂ ಒಂದೇ ಭಾನುವಾರ ಎಳೆದು ತರೋದರಿಂದ ರಕ್ತನಿಧಿಗೂ ದೊಡ್ಡ ಲಾಭ ಇಲ್ಲ.

ಅಂಗಡಿಯವರು ಈಗ ಮಧ್ಯಾಹ್ನದವರೆಗೆ ಗಲ್ಲಾದಲ್ಲಿ ಕೂರ್ತಾರೆ, ಮಾಸ್ಕ್ ಹಾಕಿಕೊಂಡು. ಸಂಜೆ ಹೆಂಡತಿ ನೋಡಿಕೊಳ್ತಾರೆ. ಭಾರ ಎತ್ತಬೇಡಿ ಅಂದಿದ್ದಾರಂತೆ, ಆದರೂ ಪೇಂಟ್ ಡಬ್ಬ ಎತ್ತಿಡೋದನ್ನು ನಾನೇ ನೋಡಿದ್ದೀನಿ. ರಕ್ತ ಕೊಟ್ಟ ಮೇಸ್ತ್ರಿಗಳ ಹಳೆ ಬಾಕಿಯನ್ನು ಅವರು ಕೇಳೋದನ್ನೇ ಬಿಟ್ಟಿದ್ದಾರೆ. ಹೋದ ವಾರ ಗ್ರೂಪಿನಲ್ಲಿ ಇನ್ನೊಂದು ಮೆಸೇಜ್ ಬಂತು. ಬೇರೆ ಕ್ರಾಸಿನವರು, ಬೇರೆ ಆಸ್ಪತ್ರೆ, ಅಕ್ಕನಿಗೆ ಲಿವರ್ ಕಸಿ, 25 ಜನ ಬೇಕು. ಹುಡುಗ ನನಗೆ ಫೋನ್ ಮಾಡಿದ. "ತೊಂಬತ್ತು ದಿನ ಆಗಿದೆ ಅಣ್ಣ, ನಾನು ಹೋಗ್ತೀನಿ," ಅಂದ. ಆಮೇಲೆ, "ಇಪ್ಪತ್ತೈದು ಯಾಕೆ ಅಂತ ಅವರನ್ನ ಕೇಳೋಕೆ ಹೇಳ್ಲಾ?"

ಹೇಳು ಅಂದೆ.